ಶನಿವಾರ ಸಂಜೆಯ ಪ್ಲ್ಯಾನ್: ನನ್ನ ಅನುಭವ

ಕಟ್ಟಡ ಕೆಲಸದ ಬಾರ್ ಚಾರ್ಟ್ (ಯಾವ ಕೆಲಸ ಯಾವಾಗ ಅನ್ನುವ ಪಟ್ಟಿ) ಎಷ್ಟು ಚೆಂದ ಇದ್ದರೂ ತೊಗರಿ ರಾಶಿ ಶುರುವಾಯಿತೆಂದರೆ ಸೈಟ್ ಖಾಲಿ. ಕಲಬುರಗಿಯಲ್ಲಿ ಪ್ರಾಜೆಕ್ಟ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಜನ ಹೊಲಕ್ಕೆ, ಉಳಿದವರು ಪುಣೆ, ಮುಂಬೈ, ಹೈದರಾಬಾದಿಗೆ. ಸೇಡಂ ರಸ್ತೆಯ ಹಾಸ್ಟೆಲ್ ಕಟ್ಟಡ ನನ್ನ ಕೈಗೆ ಬರುವಷ್ಟರಲ್ಲಿ ಮೂರು ತಿಂಗಳು ಹಿಂದೆ ಬಿದ್ದಿತ್ತು. ಸೆಂಟ್ರಿಂಗ್ (ಸ್ಲ್ಯಾಬಿಗೆ ಕೆಳಗಿಂದ ಕೊಡುವ ಹಲಗೆ, ಆಧಾರ) ಬಾಡಿಗೆಯೊಂದೇ ದಿನಕ್ಕೆ ಆರು ಸಾವಿರದ ಹತ್ತಿರ, ಸ್ಲ್ಯಾಬ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ಕಂಪನಿಯವರು ಮೊದಲು ಸೈಟಿನ ಪ್ರಗತಿ ನೋಡಲು ಒಂದು ಆ್ಯಪ್ ತಂದರು. ವರ್ಷದ ಚಂದಾ ನಲವತ್ತು ಸಾವಿರದ ಆಸುಪಾಸು. ಮೇಸ್ತ್ರಿಗಳು ಒಂದು ವಾರ ಫೋಟೊ ಹಾಕಿದರು, ಆಮೇಲೆ ಹಳೇ ಫೋಟೊಗಳನ್ನೇ ತಿರುಗಿ ಹಾಕಿದರು. ಹೆಡ್ ಆಫೀಸಿನ ಡ್ಯಾಶ್‌ಬೋರ್ಡ್ ತುಂಬ ಹಸಿರು. ಇಲ್ಲಿ ಎರಡನೇ ಮಹಡಿಗೆ ಕಂಬಿಯೇ ಬಂದಿಲ್ಲ.

ಕೊನೆಗೆ ನಾನು ಹಿಡಿದದ್ದು ಲಾಸ್ಟ್ ಪ್ಲ್ಯಾನರ್, ಅಂದರೆ ಕೆಲಸ ಮಾಡಿಸುವವರೇ ವಾರದ ಪ್ಲ್ಯಾನ್ ಹಾಕುವುದು. ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿ. ಆರು ವಾರದ ಲುಕ್‌ಅಹೆಡ್ (ಮುಂದಿನ ಕೆಲಸಗಳ ಮುನ್ನೋಟ) ನನ್ನ ಹತ್ತಿರ, ಮುಂದಿನ ವಾರ ಏನು ಮುಗಿಸುತ್ತೇವೆ ಅನ್ನುವ ಮಾತು ಶನಿವಾರ ಸಂಜೆಯ ಮೀಟಿಂಗಿನಲ್ಲಿ ಮೇಸ್ತ್ರಿಗಳ ಬಾಯಿಂದಲೇ. "ಅಮೆರಿಕಾದ ಆಟ ಇದು, ನಮ್ಮಲ್ಲಿ ನಡಿಯಂಗಿಲ್ಲ" ಅಂತ ಸೀನಿಯರ್ ಒಬ್ಬರು ನಕ್ಕರು. ಮೊದಮೊದಲು ನಡೆಯಲೂ ಇಲ್ಲ. "ನೀವು ಹೇಳ್ರಿ ಸಾಹೇಬ್ರ, ನಾವು ಮಾಡ್ತೀವ್ರಿ" ಅನ್ನುತ್ತಿದ್ದರು ಮೇಸ್ತ್ರಿಗಳು. ಪಿಪಿಸಿ, ಅಂದರೆ ಮಾತು ಕೊಟ್ಟ ಕೆಲಸಗಳಲ್ಲಿ ಮುಗಿದವು ಶೇಕಡಾ ಎಷ್ಟು ಅನ್ನುವ ಲೆಕ್ಕ, ಮೂವತ್ತೈದು ದಾಟುತ್ತಿರಲಿಲ್ಲ.

ಒಂದು ಶನಿವಾರ ಬಾರ್ ಬೆಂಡಿಂಗ್ ಮೇಸ್ತ್ರಿ ಸಿಡುಕಿದ: "ಮಂಗಳವಾರ ಆಗಂಗಿಲ್ರಿ. ಕೆಳಗಿನ ಜಾಳಗಿ ಕಟ್ಟೀನಿ. ಪೈಪ್ ಹಾಕಾವ ಬರದs ಮ್ಯಾಲಿನ ಕಂಬಿ ಹ್ಯಾಂಗ ಕಟ್ಲಿ?" ಪೈಪಿನವನು ಅಲ್ಲೇ ಕೂತಿದ್ದ, ಅವನಿಗೆ ಬುಧವಾರದ ತನಕ ಬೇರೆ ಸೈಟ್. ಅರ್ಧ ದಿನದ ಕೂಲಿ ಮೇಲೆ ಕೊಟ್ಟು ಸೋಮವಾರವೇ ಕರೆಸಿದೆ. ಆಮೇಲೆ ಎಲ್ಲರೂ "ಆಗಂಗಿಲ್ರಿ" ಅನ್ನೋದಕ್ಕೆ ಕಲಿತರು. ಒಂದು ಸ್ಲ್ಯಾಬಿನಿಂದ ಇನ್ನೊಂದಕ್ಕೆ ಇಪ್ಪತ್ತನಾಲ್ಕು ದಿನ ಹಿಡಿಯುತ್ತಿದ್ದದ್ದು ಹದಿನಾರಕ್ಕೆ ಇಳಿಯಿತು. ಬಾಡಿಗೆ ಲೆಕ್ಕ ನೀವೇ ಹಾಕಿಕೊಳ್ಳಿ.

ಖರ್ಚಿ (ಕೆಲಸದವರ ಕೈಖರ್ಚಿನ ಹಣ) ಕೊಡುವುದಕ್ಕೂ ಈ ಮೀಟಿಂಗಿಗೂ ನಾನು ಹಾಕಿದ ಗಂಟು ಒಂದಿದೆ. ಅದನ್ನು ಬರೆಯುವುದಿಲ್ಲ, ಅದೇ ನನ್ನ ಅನ್ನ.

ನಡುವೆ ಶೇಕಡಾ ನೂರು ಮುಟ್ಟಿದ ಗ್ಯಾಂಗಿಗೆ ಬಿರಿಯಾನಿ ಅಂತ ಇಟ್ಟು ನೋಡಿದೆ. ಎಲ್ಲರೂ ಅರ್ಧ ಕೆಲಸಕ್ಕೇ ಮಾತು ಕೊಟ್ಟು ನೂರು ಮುಟ್ಟಿಸಿಬಿಟ್ಟರು! ಬಿರಿಯಾನಿ ಬಂದ್.

ಈ ಹಾಸ್ಟೆಲನ್ನೇ ಅರ್ಜಿಯಲ್ಲಿ ಬರೆದು ಪಿಎಂಪಿ ಎಂಬ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟಿನ ಪರೀಕ್ಷೆಗೆ ಕೂತೆ. ಡಿಪ್ಲೊಮಾದವನಾದ್ದರಿಂದ ನನಗೆ 60 ತಿಂಗಳ ಅನುಭವ ತೋರಿಸಬೇಕಿತ್ತು, ಪದವಿಯವರಿಗೆ 36 ಸಾಕಿತ್ತು. ಆಗ 180 ಪ್ರಶ್ನೆ, 230 ನಿಮಿಷ ಇತ್ತು. ಸರ್ಟಿಫಿಕೇಟಿನಿಂದ ಇಲ್ಲಿ ಸಂಬಳ ಏರಲಿಲ್ಲ. ಹೈದರಾಬಾದಿನಿಂದ ಒಂದು ಆಫರ್ ಬಂತು, ಅದನ್ನು ತೋರಿಸಿದ ಮೇಲೆ ಏರಿತು. ಶೆಡ್ಯೂಲನ್ನು ಈಗ ಎಐ ಕೂಡ ಬರೆದುಕೊಡುತ್ತದೆ, ಪೈಪಿನವನನ್ನು ಸೋಮವಾರ ಕರೆಸುವ ಕೆಲಸ ಮಾತ್ರ ನಮಗೇ ಉಳಿದಿದೆ.

ಸರ್ಟಿಫಿಕೇಟ್ ಉಳಿಸಿಕೊಳ್ಳಲು ಮೂರು ವರ್ಷಕ್ಕೆ 60 ಪಿಡಿಯು (ಮುಂದುವರಿದ ಕಲಿಕೆಯ ಅಂಕ) ಕೂಡಿಸುವ ತಲೆನೋವು ಈಗ ಶುರುವಾಗಿದೆ. ನಕ್ಕ ಸೀನಿಯರ್ ಮೊನ್ನೆ ಜೇವರ್ಗಿ ಸೈಟಿಗೆ ನನ್ನ ಫಾರ್ಮ್ಯಾಟ್ ಕೇಳಿದರು. ಕೊಟ್ಟೆ, ಖರ್ಚಿಯ ಕಾಲಂ ತೆಗೆದು.