ಅಂಗಳದಲ್ಲಿ ಅಡಿಕೆ ಇದ್ದರೆ ಮೋಡದ ಎತ್ತರ ನೋಡಿ
ಏಪ್ರಿಲ್-ಮೇ ತಿಂಗಳಲ್ಲಿ ಶಿರಸಿ ಕಡೆ ಅಂಗಳದಲ್ಲಿ ಚಾಲಿ (ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಹರವಿದವರು ಮಧ್ಯಾಹ್ನ 12ರ ಹೊತ್ತಿಗೆ ಒಮ್ಮೆ ತಲೆ ಎತ್ತಿ ನೋಡಿ. ಹತ್ತಿ ಉಂಡೆಯಂಥ ಬಿಳಿ ಮೋಡಕ್ಕೆ ಅಗಲಕ್ಕಿಂತ ಎತ್ತರ ಜಾಸ್ತಿ ಇದ್ದು, ತುದಿ ಹೂಕೋಸಿನ ಹಾಗೆ ಉಬ್ಬುತ್ತಿದ್ದರೆ, ಊಟ ಮುಗಿದ ಕೂಡಲೇ ಅಡಿಕೆ ರಾಶಿ ಮಾಡಿ ಟಾರ್ಪಾಲ್ ಹೊದೆಸಿ. ಸಮುದ್ರದ ಹಸಿಗಾಳಿ ಘಟ್ಟ ಹತ್ತಿ, ಬಿಸಿಲಿಗೆ ಕಾದು ಇನ್ನೂ ಮೇಲೇರುತ್ತಿದೆ ಅಂತ ಅದರ ಅರ್ಥ. ತುದಿ ಚಪ್ಪಟೆಯಾಗಿ ಹರಡಿತೋ, ಸಿಡಿಲು ಹತ್ತಿರವೇ ಇದೆ. ಆಗ ಅಂಗಳಕ್ಕೆ ಇಳಿಯಲೇಬೇಡಿ, ಅಡಿಕೆ ನೆನೆದರೆ ನೆನೆಯಲಿ. ಉಂಡೆಗಳು ಚಿಕ್ಕದಾಗಿ ಬಿಡಿಬಿಡಿಯಾಗಿದ್ದರೆ ಸುಮ್ನೆ ಹೆದರಬೇಕಿಲ್ಲ. ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಆಕಾಶವಿಡೀ ಬೂದು ಹಾಸು, ಎತ್ತರ ಕಾಣುವುದೇ ಇಲ್ಲ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದ ದಿನವೂ ಅಷ್ಟೇ, ಮಳೆ ನಡುರಾತ್ರಿಯೂ ಬರಬಹುದು.