ಅಂಗನವಾಡಿ ಮಕ್ಕಳಿಗೆ ನಗೆ ಜಾದೂ: ಕೊಡಗಿನಲ್ಲಿ ಆಟ ಕಟ್ಟುವ ಬಗೆ

ಮೂರು ವರ್ಷದ ಮಗುವಿನ ಮುಂದೆ ಇಸ್ಪೀಟೆಲೆ ಹಿಡಿದು ‘ಒಂದು ತೆಗೆ’ ಎಂದರೆ ಅದು ಎಲೆ ತೆಗೆದುಕೊಂಡು ಅಮ್ಮನ ಹತ್ತಿರ ಹೊರಟುಬಿಡುತ್ತದೆ. ತಪ್ಪು ಮಗುವಿನದಲ್ಲ. ಯಾವುದು ಆಗುವಂಥದ್ದು, ಯಾವುದು ಆಗದಂಥದ್ದು ಎಂಬ ಲೆಕ್ಕ ಆ ವಯಸ್ಸಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಸ್ವಿಚ್ ಒತ್ತಿದರೆ ದೀಪ ಹತ್ತುವುದೂ ಒಂದೇ, ಮುಷ್ಟಿಯೊಳಗಿನ ಕರವಸ್ತ್ರ ಮಾಯವಾಗುವುದೂ ಒಂದೇ. ಹಾಗಾಗಿ ಬೆರಗನ್ನೇ ನಂಬಿಕೊಂಡು ಹೋದರೆ ಐದು ನಿಮಿಷದಲ್ಲಿ ಆಟ ಬಿದ್ದುಹೋಗುತ್ತದೆ. ಈ ಮಕ್ಕಳಿಗೆ ಹಿಡಿಸುವುದು ಬೇರೆ: ದೊಡ್ಡವರೊಬ್ಬರು ಎದುರಿಗೇ ತಪ್ಪು ಮಾಡುತ್ತಿದ್ದಾರೆ, ಅದು ತಮಗೆ ಕಾಣುತ್ತಿದೆ, ಪಾಪ ಅವರಿಗೆ ಮಾತ್ರ ಕಾಣುತ್ತಿಲ್ಲ. ಜಾದೂಗಾರ ಪೇಚಿಗೆ ಸಿಕ್ಕಬೇಕು, ಮಕ್ಕಳು ದಾರಿ ತೋರಿಸಬೇಕು, ಕೊನೆಗೆ ಅವರ ಮಂತ್ರದಿಂದಲೇ ಕೆಲಸ ಆಗಬೇಕು. ಮುಂದೆ ಹೇಳುವ ಎಲ್ಲವೂ ಈ ಒಂದು ಮಾತಿನ ಮೇಲೇ ನಿಂತಿದೆ.

ಹೊತ್ತು, ಜಾಗ, ಮಳೆ

ಅಂಗನವಾಡಿಗೆ ಬರುವವರು ಮೂರರಿಂದ ಆರು ವರ್ಷದವರು. ಬರೀ ಮೂರು ವರ್ಷದವರಿದ್ದರೆ 20 ನಿಮಿಷ, ಎಲ್ಲರೂ ಕಲೆತಿದ್ದರೆ 25. ಮೂವತ್ತು ದಾಟಬೇಡಿ, ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ. ಬೆಳಿಗ್ಗೆ ಮಕ್ಕಳು ಬಂದು ಅರ್ಧ ಗಂಟೆ ಕಳೆದ ಮೇಲೆ ಶುರುಮಾಡಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿ. ಊಟವಾದ ಮೇಲೆ ಅರ್ಧ ಮಕ್ಕಳು ತೂಕಡಿಸುತ್ತಾರೆ. ಹಸಿದ ಮಕ್ಕಳು ಅಡುಗೆಯ ವಾಸನೆ ಬಂದತ್ತ ತಿರುಗುತ್ತಾರೆ.

ಬಾಗಿಲು ನಿಮ್ಮ ಬೆನ್ನ ಹಿಂದೆ ಇರದಂತೆ ನಿಲ್ಲಿ. ಯಾರಾದರೂ ಒಳಗೆ ಬಂದರೆ ಎಲ್ಲ ಕಣ್ಣೂ ಅತ್ತ ಹೋಗುತ್ತವೆ. ಕಿಟಕಿ ಬೆನ್ನಿಗಿದ್ದರೂ ಕಷ್ಟ, ಬೆಳಕಿಗೆದುರಾಗಿ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಮೊದಲ ಸಾಲಿಗೂ ನಿಮಗೂ ನಡುವೆ ಎರಡು ಮೀಟರ್ ಬಿಟ್ಟು ನೆಲಕ್ಕೆ ಬಣ್ಣದ ಹಗ್ಗ ಹಾಸಿ, ‘ಇದು ಹೊಳೆ, ಈಚೆ ಬಂದರೆ ಕಾಲು ಒದ್ದೆ’ ಎನ್ನಿ. ಸೀಮೆಸುಣ್ಣದ ಗೆರೆಯನ್ನು ಮಕ್ಕಳು ಒರೆಸಿಬಿಡುತ್ತಾರೆ. ಹೊಳೆ ದಾಟಲು ಮಾತ್ರ ಹಿಂದೆಮುಂದೆ ನೋಡುತ್ತಾರೆ. ಒಬ್ಬ ಎದ್ದು ಬಂದರೆ ಹಿಂದೆಯೇ ಹತ್ತು ಜನ ಬರುತ್ತಾರೆ. ಆ ಮೊದಲನೆಯವನನ್ನು ಗದರಿಸದೆ ‘ಅಯ್ಯೋ, ಕಾಲು ಒದ್ದೆಯಾಯ್ತಲ್ಲ!’ ಎಂದು ಕೈ ಹಿಡಿದು ಕೂರಿಸಿ.

ಕೊಡಗಿನ ಮಳೆಗಾಲಕ್ಕೆ ಬೇರೆಯೇ ತಯಾರಿ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮೈಕಿನ ಮಾತೂ ಕೇಳುವುದಿಲ್ಲ. ಕರೆಂಟನ್ನಂತೂ ನೆಚ್ಚುವ ಹಾಗಿಲ್ಲ. ಮಾತೇ ಇಲ್ಲದೆ, ಮುಖ ಮತ್ತು ಕೈಯಲ್ಲೇ ಮಾಡಬಹುದಾದ ಹತ್ತು ನಿಮಿಷದ ಆಟ ಸದಾ ಸಿದ್ಧವಿರಲಿ. ಜೋರು ಮಳೆ ಬಂದಾಗ ಅರಚಿ ಗಂಟಲು ಕೆಡಿಸಿಕೊಳ್ಳುವುದಕ್ಕಿಂತ, ನೀವೂ ಬಾಯಿ ಮುಚ್ಚಿ ಮಕ್ಕಳಿಗೂ ‘ಶ್’ ಎಂದು ಬೆರಳಿಟ್ಟು ಆ ಭಾಗಕ್ಕೆ ಹೋಗಿ. ಮಡಿಕೇರಿ, ಭಾಗಮಂಡಲದ ಕಡೆ ಥಂಡಿಗೆ ಕಾಗದ ಮೆತ್ತಗಾಗುತ್ತದೆ, ಪುಸ್ತಕದ ಹಾಳೆಗಳು ಅಂಟುತ್ತವೆ, ರೇಷ್ಮೆ ಬಟ್ಟೆ ಜಾರುವುದಿಲ್ಲ. ಸಾಮಾನನ್ನು ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದ ಅಕ್ಕಿ ಜೊತೆಗಿಡಿ.

ಮಡಿಕೇರಿಯ ಮಕ್ಕಳ ದಸರಾದಂಥ ಬಯಲು ಜಾತ್ರೆಗೆ ಈ ಆಟ ಒಗ್ಗುವುದಿಲ್ಲ. ಗಾಳಿಗೆ ಬಟ್ಟೆ ಹಾರುತ್ತದೆ, ದೊಡ್ಡವರು ಮುಂದೆ ನಿಲ್ಲುತ್ತಾರೆ, ಪುಟ್ಟವರಿಗೆ ಕಾಣುವುದು ಕಾಲುಗಳು ಮಾತ್ರ. ಅಲ್ಲಿ ಆಡಲೇಬೇಕೆಂದರೆ ಮೂಲೆಯೊಂದರಲ್ಲಿ ಚಾಪೆ ಹಾಸಿ, ಮೂವತ್ತು ಮಕ್ಕಳಿಗೆ ಸೀಮಿತ ಮಾಡಿಕೊಳ್ಳಿ.

ಮಂತ್ರ ಮತ್ತು ಭಾಷೆ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಲಸಗಾರರ ಲೈನ್‌ಮನೆಗಳ ಅಂಗನವಾಡಿಯಲ್ಲಿ ಒಂದೇ ಚಾಪೆಯ ಮೇಲೆ ಆರೇಳು ಭಾಷೆ ಕೂತಿರುತ್ತವೆ: ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಯರವ ಮಕ್ಕಳ ಮಾತು, ದೂರದ ಊರಿಂದ ಬಂದವರ ಹಿಂದಿ. ಉದ್ದ ಕತೆ ಹೇಳಿದರೆ ಅರ್ಧ ಮಕ್ಕಳು ಕಳಚಿಕೊಳ್ಳುತ್ತಾರೆ. ವಾಕ್ಯ ಮೂರು ನಾಲ್ಕು ಪದಕ್ಕೆ ನಿಲ್ಲಲಿ. ಎಣಿಕೆಯನ್ನು ಮಾತ್ರ ಎಲ್ಲರ ಭಾಷೆಯಲ್ಲೂ ಮಾಡಿ: ಮೊದಲ ಸಲ ಒಂದು, ಎರಡು, ಮೂರು, ಮುಂದಿನ ಸಲ ಒಂದ್, ದಂಡ್, ಮೂಂದ್, ಆಮೇಲೆ ಒಂಜಿ, ರಡ್ಡ್, ಮೂಜಿ, ಕೊನೆಗೆ ಏಕ್, ದೋ, ತೀನ್. ತನ್ನ ಮನೆಯ ಮಾತು ಕೇಳಿದ ಮಗುವಿನ ಬೆನ್ನು ನೆಟ್ಟಗಾಗುವುದು ಕಾಣುತ್ತದೆ. ಇಡೀ ಆಟದಲ್ಲಿ ಇದಕ್ಕಿಂತ ಬೆಲೆಬಾಳುವ ಕ್ಷಣ ಇನ್ನೊಂದಿಲ್ಲ.

ಮಂತ್ರಕ್ಕೆ ಅಬ್ರಕಡಬ್ರ ಬೇಕಿಲ್ಲ. ‘ಕಡಂಬುಟ್ಟು, ನೂಪುಟ್ಟು, ಪಾಪುಟ್ಟು… ಛೂ!’ ಎನ್ನಿ. ಕೊಡಗಿನ ಅಕ್ಕಿ ತಿಂಡಿಗಳ, ಹೊಟ್ಟೆಗೆ ಗೊತ್ತಿರುವ ಹೆಸರುಗಳು, ಕೊನೆಗೆ ‘ಪುಟ್ಟು’ ಎಂಬ ಪ್ರಾಸ. ಎರಡನೇ ಸಲಕ್ಕೇ ಎಲ್ಲರೂ ಕೂಗುತ್ತಾರೆ. ಮೂರನೇ ಸಲ ನೀವೇ ಮರೆತವರಂತೆ ‘ಕಡಂಬುಟ್ಟು, ನೂಪುಟ್ಟು, ಚಪ್ಪಲಿ…’ ಎಂದು ನಿಲ್ಲಿಸಿ. ಹೆಸರು ತಪ್ಪು ಹೇಳುವುದಕ್ಕಿಂತ ದೊಡ್ಡ ಹಾಸ್ಯ ಮೂರು ವರ್ಷದವರಿಗೆ ಇಲ್ಲ. ಕಿತ್ತಳೆಯನ್ನು ಬಾಳೆಹಣ್ಣು ಅನ್ನುವುದು, ಟೋಪಿಯನ್ನು ಮೊಣಕಾಲಿಗೆ ಹಾಕಿಕೊಳ್ಳುವುದು, ಬಾಳೆಹಣ್ಣನ್ನು ಕಿವಿಗಿಟ್ಟು ‘ಹಲೋ’ ಅನ್ನುವುದು. ಇವನ್ನು ಮೊದಲ ಮೂರು ನಿಮಿಷದಲ್ಲಿ ಮುಗಿಸಿದರೆ ಹೆದರಿಕೊಂಡು ಕೂತವರೂ ಸಡಿಲವಾಗುತ್ತಾರೆ.

ಒಂದು ತಮಾಷೆಯನ್ನು ಮೂರು ಸಲ ಮಾಡಿ, ಪ್ರತಿ ಸಲ ಸ್ವಲ್ಪ ಹೆಚ್ಚಿಸಿ. ಒಂದೇ ಸಲ ಮಾಡಿ ಬಿಟ್ಟರೆ ಮಕ್ಕಳಿಗೆ ಅದು ಅರ್ಥವಾಗುವಷ್ಟರಲ್ಲಿ ಮುಗಿದಿರುತ್ತದೆ. ನಾಲ್ಕನೇ ಸಲಕ್ಕೆ ಹಳಸುತ್ತದೆ. ಅವರು ಕೂಗಿದ ಕೂಡಲೇ ತಿರುಗಲೂ ಬೇಡಿ. ಎರಡು ಎಣಿಸಿ, ‘ಏನು?’ ಎಂದು ಕಿವಿಗೆ ಕೈಯಿಟ್ಟು, ಆಮೇಲೆ ತಪ್ಪು ದಿಕ್ಕಿಗೆ ತಿರುಗಿ. ನಗು ಹುಟ್ಟುವುದು ಆ ಎರಡು ಎಣಿಕೆಯಲ್ಲಿ.

ಸಾಮಾನು ಮಾಡಿಕೊಳ್ಳುವುದು

ಮುರಿಯುವ ಮಂತ್ರದಂಡ: 20 ಮಿ.ಮೀ. ವೈರಿಂಗ್ ಪೈಪನ್ನು 4 ಸೆಂ.ಮೀ. ಉದ್ದದ ಏಳು ತುಂಡು ಮಾಡಿ. ಕೊಯ್ತ ನೇರವಾಗಿರಬೇಕು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿ. ಒಂದು ತುಂಡು ಓರೆಯಾದರೂ ದಂಡ ಬಾಳೆಕಾಯಿಯಂತೆ ಬಾಗುತ್ತದೆ. ಗಟ್ಟಿ ನೈಲಾನ್ ದಾರದ ತುದಿಗೆ ಪೈಪಿನ ಬಾಯಿಗಿಂತ ಅಗಲದ ಗುಂಡಿ ಕಟ್ಟಿ, ದಾರವನ್ನು ಏಳೂ ತುಂಡಿನೊಳಗೆ ತೂರಿಸಿ, ಈಚೆ ತುದಿಗೆ ಬೆರಳು ಹಿಡಿಸುವ ಉಂಗುರ ಕಟ್ಟಿ. ತುಂಡುಗಳೆಲ್ಲ ಕೂಡಿದಾಗ ಉಂಗುರ ಪೈಪಿನಿಂದ ಐದಾರು ಸೆಂ.ಮೀ. ಹೊರಗಿರಲಿ. ಉಂಗುರ ಎಳೆದು ಹಿಡಿದರೆ ದಂಡ ನೆಟ್ಟಗೆ. ಬಿಟ್ಟರೆ ಕಳಚಿ ಜೋತುಬೀಳುತ್ತದೆ. ನಡುವಿನ ತುಂಡುಗಳಿಗೆ ಕಪ್ಪು, ಎರಡು ತುದಿಗೆ ಬಿಳಿ ಟೇಪು. ಟೇಪು ಸಂದಿನ ಮೇಲೆ ಹಾಯಬಾರದು. ನಿಮ್ಮ ಕೈಯಲ್ಲಿ ನೆಟ್ಟಗಿರುವ ದಂಡ ಮಗುವಿನ ಕೈಗೆ ಹೋದ ಕೂಡಲೇ ಮುರಿಯುವ ಹಳೆಯ ತಮಾಷೆಯೊಂದಿದೆ. ಐದು ವರ್ಷದವರಿಗೆ ಅದು ನಡೆಯುತ್ತದೆ. ಮೂರು ವರ್ಷದ ಮಗು ತಾನೇ ಮುರಿದೆನೆಂದು ಅಳುತ್ತದೆ. ಪುಟ್ಟವರೆದುರು ದಂಡ ನಿಮ್ಮ ಕೈಯಲ್ಲೇ ಮುರಿಯಲಿ, ಟೀಚರ್ ಮುಟ್ಟಿದರೆ ಸರಿಯಾಗಲಿ.

ಎರಡು ಅರೆಯ ಚೀಲ: 30 × 25 ಸೆಂ.ಮೀ. ಅಳತೆಯ ಒಂದೇ ಬಣ್ಣದ ದಪ್ಪ ಬಟ್ಟೆಯ ಮೂರು ತುಂಡುಗಳನ್ನು ಒಂದರ ಮೇಲೊಂದಿಟ್ಟು ಮೂರು ಬದಿ ಹೊಲಿಯಿರಿ. ನಡುವಿನದು ಗೋಡೆ. ಬಾಯಿ ತೆರೆಯುವಾಗ ಬೆರಳಿನಿಂದ ಗೋಡೆಯನ್ನು ಆಚೆಗೋ ಈಚೆಗೋ ಒತ್ತಿದರೆ ಒಂದೇ ಅರೆ ಕಾಣುತ್ತದೆ. ಮೊದಲೇ ಒಂದು ಅರೆಯಲ್ಲಿ ಕೆಂಪು ಕರವಸ್ತ್ರ, ಚುಕ್ಕಿಚುಕ್ಕಿಯ ಮಕ್ಕಳ ಚಡ್ಡಿ, ಹಳದಿ ಕರವಸ್ತ್ರ ಇವನ್ನು ಸಾಲಾಗಿ ಗಂಟುಹಾಕಿ ತುಂಬಿ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಇಂಥ ಚಡ್ಡಿ ಅಗ್ಗಕ್ಕೆ ಸಿಗುತ್ತದೆ. ಬಣ್ಣ ದೂರದಿಂದ ಎದ್ದು ಕಾಣುವಂಥದ್ದನ್ನೇ ಆರಿಸಿ. ಆಟದಲ್ಲಿ ಬೇರೆ ಕೆಂಪು, ಹಳದಿ ಕರವಸ್ತ್ರಗಳನ್ನು ತೋರಿಸಿ ಖಾಲಿ ಅರೆಗೆ ಹಾಕಿ, ‘ಇವೆರಡೂ ಕೈ ಕೈ ಹಿಡಿದುಕೊಳ್ಳಲಿ’ ಎಂದು ಮಂತ್ರ ಹೇಳಿಸಿ, ಇನ್ನೊಂದು ಅರೆಯಿಂದ ಮೆಲ್ಲನೆ ಎಳೆಯಿರಿ. ಚಡ್ಡಿ ಕಂಡ ಕೂಡಲೇ ಕೋಣೆ ಎದ್ದು ನಿಲ್ಲುತ್ತದೆ. ನೀವು ಮಾತ್ರ ಗಮನಿಸದವರಂತೆ ಮಕ್ಕಳತ್ತಲೇ ನೋಡುತ್ತಾ ‘ಎಷ್ಟು ಚೆಂದ ಅಲ್ವಾ?’ ಎನ್ನಿ. ಗಂಟು ಬಿಗಿಯಾಗಿರಲಿ, ಮಧ್ಯೆ ಬಿಚ್ಚಿಕೊಂಡರೆ ಹಳದಿ ಒಳಗೇ ಉಳಿದು ನಗು ಅರ್ಧಕ್ಕೆ ನಿಲ್ಲುತ್ತದೆ.

ಬಣ್ಣ ಬರುವ ಪುಸ್ತಕ: ದಪ್ಪ ಹಾಳೆಯ ಡ್ರಾಯಿಂಗ್ ಪುಸ್ತಕದಲ್ಲಿ 24 ಹಾಳೆ ಇಟ್ಟುಕೊಳ್ಳಿ. ಬೆಸ ಸಂಖ್ಯೆಯ ಹಾಳೆಗಳು (1, 3, 5…) ಪೂರ್ತಿ ಅಗಲ ಇರಲಿ. ಸರಿ ಸಂಖ್ಯೆಯವನ್ನು (2, 4, 6…) ಬಲ ಅಂಚಿನಲ್ಲಿ 3 ಮಿ.ಮೀ. ಕತ್ತರಿಸಿ. ಅಂಚಿನ ಮೇಲೆ ಹೆಬ್ಬೆರಳು ಜಾರಿಸಿ ಮುಂದಿನಿಂದ ಹಿಂದಕ್ಕೆ ಹಾಳೆ ಬಿಟ್ಟರೆ ಅಗಲದ ಹಾಳೆಯೇ ಬೆರಳಿಗೆ ಸಿಗುತ್ತದೆ, ಕಿರಿದಾದದ್ದು ತನಗಿಂತ ಮೊದಲಿನ ಅಗಲದ ಹಾಳೆಯ ಜೊತೆಗೇ ಬೀಳುತ್ತದೆ. ಆಗ ತೆರೆದುಕೊಳ್ಳುವ ಜೋಡಿ ಪುಟಗಳು 2–3, 4–5, 6–7ನೇ ಹಾಳೆಗಳ ನಡುವಿನವು. ಹಿಂದಿನಿಂದ ಮುಂದಕ್ಕೆ ಬಿಟ್ಟರೆ 1–2, 3–4, 5–6ರ ನಡುವಿನವು. ಮೊದಲ ಗುಂಪಿನಲ್ಲಿ ಬರೀ ಗೆರೆಚಿತ್ರ, ಎರಡನೆಯದರಲ್ಲಿ ಅದೇ ಚಿತ್ರಕ್ಕೆ ಬಣ್ಣ. ಬಿಡಿಸುವ ಮುಂಚೆ ಪೆನ್ಸಿಲ್ಲಿನಲ್ಲಿ ಎಲ್ಲ ಪುಟಗಳಲ್ಲೂ ‘ಗೆ’, ‘ಬ’ ಎಂದು ಗುರುತುಹಾಕಿ ಎರಡೂ ಕಡೆಯಿಂದ ಬಿಟ್ಟು ನೋಡಿ. ಎಲ್ಲೋ ಒಂದು ಹಾಳೆ ಹೆಚ್ಚುಕಡಿಮೆಯಾದರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ. ಹಾಳೆಗಳ ನಡುವೆ ಚೂರು ಟಾಲ್ಕಂ ಪೌಡರ್ ಸವರಿದರೆ ಥಂಡಿಗೂ ಅಂಟುವುದಿಲ್ಲ. ಚಿತ್ರಗಳು ದೊಡ್ಡವಿರಲಿ, ಪುಟಕ್ಕೊಂದೇ: ಕಿತ್ತಳೆ, ಕೋಳಿ, ಕೊಡೆ, ಮೀನು. ಬಣ್ಣವನ್ನು ‘ಕೊಡುವವರು’ ಮಕ್ಕಳೇ. ತಮ್ಮ ಅಂಗಿಯ ಬಣ್ಣವನ್ನು ಚಿವುಟಿ ತೆಗೆದು ಪುಸ್ತಕದ ಕಡೆ ಎಸೆಯಲು ಹೇಳಿ. ನೀವು ಆ ಬಣ್ಣಗಳನ್ನು ‘ಹಿಡಿಯುವಾಗ’ ಒಂದೆರಡು ಮುಖಕ್ಕೆ ಬಡಿದಂತೆ ತತ್ತರಿಸಿ.

ಹಿಂದೆ! ಹಿಂದೆ!

ಆಟದ ನಡುಭಾಗಕ್ಕೆ ಇದಕ್ಕಿಂತ ಗಟ್ಟಿಯಾದದ್ದಿಲ್ಲ. ಬೆಂಚಿನ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಹಿಂದೆ ಕೋಲಿಗೆ ಕಟ್ಟಿದ ಬಟ್ಟೆಯ ಬೊಂಬೆ. ನೀವು ಪೆಟ್ಟಿಗೆಯ ಪಕ್ಕ ನಿಂತು, ಹಿಂದಿರುವ ಕೈಯಿಂದ ಬೊಂಬೆ ಎತ್ತುತ್ತೀರಿ, ಮಕ್ಕಳು ಕೂಗುತ್ತಾರೆ, ತಿರುಗುವಷ್ಟರಲ್ಲಿ ಅದು ಕೆಳಗೆ. ಎರಡನೇ ಸಲ ಪೆಟ್ಟಿಗೆಯ ಇನ್ನೊಂದು ಬದಿಯಿಂದ. ಮೂರನೇ ಸಲ ನೀವು ಪೆಟ್ಟಿಗೆಯ ಹಿಂದೆ ಸುತ್ತಿ ಹುಡುಕುವಾಗ, ಬೊಂಬೆಗೆ ಹೊಲಿದಿಟ್ಟ ಬಟ್ಟೆಯ ಕ್ಲಿಪ್ಪನ್ನು ಬೆನ್ನ ಮೇಲಿನ ಕಾಲರಿಗೆ ಸಿಕ್ಕಿಸಿಕೊಂಡು ಈಚೆ ಬನ್ನಿ. ಮಕ್ಕಳಿಗೆ ಎದುರಾಗಿಯೇ ‘ಇಲ್ಲ, ಯಾರೂ ಇಲ್ಲ’ ಎಂದು ಹೇಳಿ, ಆಮೇಲೆ ಮೆಲ್ಲನೆ ಬೆನ್ನು ತಿರುಗಿಸಿ.

ಬೊಂಬೆ ಯಾವುದು ಎಂಬುದನ್ನು ಯೋಚಿಸಿ ಆರಿಸಬೇಕು. ಕೊಡಗಿನ ತೋಟಗಳಿಗೆ ಆನೆ ನಿಜಕ್ಕೂ ಬರುತ್ತದೆ, ಲೈನ್‌ಮನೆ ಮಕ್ಕಳು ರಾತ್ರಿ ಅದರ ಸದ್ದಿಗೆ ಹೆದರಿ ಎದ್ದಿರುತ್ತಾರೆ. ಅಂಥ ಕಡೆ ‘ಹಿಂದೆ ಆನೆ’ ಎನ್ನುವುದು ತಮಾಷೆಯಲ್ಲ. ಹುಲಿಯೂ ಬೇಡ. ಕೋಳಿ, ಬೆಕ್ಕು, ಮಂಗ ಸಾಕು. ಹಾಗೆಯೇ ಪಟಾಕಿ, ಬಲೂನು ಒಡೆಯುವುದು, ಕೋವಿಯ ಶಬ್ದ ಯಾವುದೂ ಬೇಡ. ಒಂದು ಮಗು ಬೆಚ್ಚಿ ಅತ್ತರೆ ಸಾಲಾಗಿ ಆರು ಮಕ್ಕಳು ಅಳುತ್ತಾರೆ. ಮುಖಕ್ಕೆ ಪೂರ್ತಿ ಬಣ್ಣ ಬಳಿದುಕೊಂಡ ಕೋಡಂಗಿ ವೇಷಕ್ಕೂ ಈ ವಯಸ್ಸಿನವರು ಹೆದರುತ್ತಾರೆ. ಮೂಗಿಗೆ ಕೆಂಪು ಚುಕ್ಕೆ, ತಲೆಗೊಂದು ಟೋಪಿ, ಅಷ್ಟೇ. ಶುರುವಿನಲ್ಲಿ ಮಣೆಯ ಮೇಲೆ ಕೂತು, ಅವರ ಕಣ್ಣಿನ ಎತ್ತರದಿಂದಲೇ ಮಾತಾಡಿಸಿ.

ಮಾಡಲೇಬಾರದ್ದು

ಮಕ್ಕಳು ನೋಡಿದ್ದನ್ನು ಮನೆಯಲ್ಲಿ ಮಾಡಿ ನೋಡುತ್ತಾರೆ. ಆದ್ದರಿಂದ ಬಾಯೊಳಗೆ ಏನನ್ನಾದರೂ ಇಡುವ, ನುಂಗುವ, ಬಾಯಿಂದ ರಿಬ್ಬನ್ ತೆಗೆಯುವ, ಕಿವಿಯಿಂದ ನಾಣ್ಯ ತೆಗೆಯುವ, ಕುತ್ತಿಗೆಗೆ ಹಗ್ಗ ಸುತ್ತುವ, ತಲೆಗೆ ಪ್ಲಾಸ್ಟಿಕ್ ಚೀಲ ಹಾಕುವ, ಬೆಂಕಿ ಹಚ್ಚುವ ಜಾದೂಗಳನ್ನು ಪೂರಾ ಬಿಡಿ. ಕೈಗೆ ಸಿಗುತ್ತದೆಂದು ಕಾಫಿಬೀಜ, ಕಾಳುಮೆಣಸು ಬಳಸಬೇಡಿ, ನೇರ ಮೂಗಿಗೆ ಹೋಗುತ್ತವೆ. ಚೆಂಡು 4.5 ಸೆಂ.ಮೀ.ಗಿಂತ ಚಿಕ್ಕದಿರಬಾರದು. ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿಕೊಂಡರೆ ಉಸಿರು ನಿಲ್ಲುತ್ತದೆ. ಮಿನುಗುವ ಆಟಿಕೆಗಳಲ್ಲಿರುವ ಗುಂಡಿ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅಂಥದ್ದನ್ನು ಪೆಟ್ಟಿಗೆಗೇ ಸೇರಿಸಬೇಡಿ. ನಿಜವಾದ ಮೊಲ, ಪಾರಿವಾಳವೂ ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಪ್ರದರ್ಶನಕ್ಕೆ ಪ್ರಾಣಿ ಬಳಸಲು ನೋಂದಣಿ ಬೇಕು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ಪುಟ್ಟ ಕೈಗಳ ನಡುವೆ ಆ ಜೀವ ನಡುಗುತ್ತದೆ.

ಸಹಾಯಕ್ಕೆ ಕರೆಯುವಾಗ ಕೈ ಹಿಡಿದು ಎಳೆಯಬೇಡಿ. ಇಬ್ಬರನ್ನು ಜೋಡಿಯಾಗಿ ಕರೆಯಿರಿ, ಬಾರದಿದ್ದರೆ ‘ಅಲ್ಲಿಂದಲೇ ಊದು’ ಎನ್ನಿ. ಮುಂಚೆಯೇ ಟೀಚರನ್ನು ಕೇಳಿ ತಿಳಿಯಿರಿ: ಯಾರು ಬೇಗ ಹೆದರುತ್ತಾರೆ, ಯಾರಿಗೆ ಕಿವಿ ಕೇಳುವುದಿಲ್ಲ, ಯಾರು ಇವತ್ತೇ ಹೊಸದಾಗಿ ಬಂದವರು. ‘ನನಗೆ ಗೊತ್ತು, ಆ ಕಡೆ ಇದೆ!’ ಎಂದು ಕೂಗುವ ಐದು ವರ್ಷದವನ ಜೊತೆ ವಾದಕ್ಕಿಳಿಯದೆ, ಅವನನ್ನೇ ದಂಡ ಕಾಯುವ ಕೆಲಸಕ್ಕೆ ಹಚ್ಚಿ.

ಗಲಾಟೆ ಮಿತಿಮೀರಿದರೆ ದನಿ ಏರಿಸಬೇಡಿ, ಇಳಿಸಿ. ಮುಚ್ಚಿದ ಮುಷ್ಟಿಯನ್ನು ಕಿವಿಗಿಟ್ಟುಕೊಂಡು ಕೇಳುವವರಂತೆ ಕೂತರೆ ಅರ್ಧ ನಿಮಿಷದಲ್ಲಿ ಕೋಣೆ ಶಾಂತವಾಗುತ್ತದೆ. ಕೊನೆಯ ಆಟ ಸದಾ ಇಂಥ ಸದ್ದಿಲ್ಲದ್ದೇ ಇರಲಿ. ಚಡ್ಡಿಯ ನಗೆಯಲ್ಲಿ ಮುಗಿಸಿದರೆ ಆ ಕುಣಿತವನ್ನು ಮುಂದಿನ ಒಂದು ಗಂಟೆ ಟೀಚರ್ ಮತ್ತು ಸಹಾಯಕಿ ಅನುಭವಿಸಬೇಕಾಗುತ್ತದೆ. ಬೊಂಬೆ ಕೋಳಿಗೆ ನಿದ್ದೆ ಬಂದಿದೆ ಎಂದು ಕರವಸ್ತ್ರ ಹೊದಿಸಿ, ಎಲ್ಲರಿಂದ ಪಿಸುಮಾತಲ್ಲಿ ಮಂತ್ರ ಹೇಳಿಸಿ, ಸಾಮಾನಿನ ಪೆಟ್ಟಿಗೆಯೊಳಗೆ ಮಲಗಿಸಿ. ಮುಚ್ಚಳಕ್ಕೆ ಚಿಲಕ ಹಾಕಿದ ಮೇಲೆಯೇ ಎದ್ದೇಳಿ. ಚಿಲಕವಿಲ್ಲದ ಪೆಟ್ಟಿಗೆ ಬಿಟ್ಟು ಟೀಚರ್ ಜೊತೆ ಮಾತಿಗೆ ನಿಂತರೆ, ತಿರುಗುವಷ್ಟರಲ್ಲಿ ಎರಡು ಅರೆಯ ಚೀಲದ ಗೋಡೆ ಯಾರದೋ ಕೈಯಲ್ಲಿ ಒಳಹೊರಗಾಗಿರುತ್ತದೆ.