ಹೊಸ ಎಸ್ಟೇಟ್ ಮ್ಯಾನೇಜರಿಗೆ ಕಾಡುವ ‘ನಾನು ಇದಕ್ಕೆ ಲಾಯಕ್ಕಾ?’: ನಾನು ಪಾಲಿಸುವ ಕ್ರಮ

ಕಾಫಿ ತೋಟದ ಮ್ಯಾನೇಜರ್ ಕೆಲಸದಲ್ಲಿ ಅರ್ಧ ಫಲ ಮಳೆಯ ಕೈಯಲ್ಲಿದೆ. ಕಾಫಿ ಹೂ ಅರಳಿಸುವ ಹೂಮಳೆ ಸಕಾಲಕ್ಕೆ ಬಂದರೆ ಮ್ಯಾನೇಜರ್ ಜಾಣ, ಬಾರದಿದ್ದರೆ ದಡ್ಡ. ಹಾಗಾಗಿ ಇಂಪಾಸ್ಟರ್ ಸಿಂಡ್ರೋಮ್, ಅಂದರೆ ಯೋಗ್ಯತೆ ಇದ್ದರೂ ಇಲ್ಲ ಅನ್ನಿಸುವ ಅಳುಕು, ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಸುಲಭವಾಗಿ ಬೇರು ಬಿಡುತ್ತದೆ. ‘ಇದೆಲ್ಲ ಅದೃಷ್ಟದಿಂದ ಆದದ್ದು, ಒಂದು ದಿನ ನನ್ನ ಬಣ್ಣ ಬಯಲಾಗುತ್ತದೆ’ ಅಂತ ಮನಸ್ಸು ಹೇಳಿದರೆ, ಅದಕ್ಕೆ ಬೇಕಾದ ಸಾಕ್ಷಿಯೂ ಮಳೆಮಾಪಕದಲ್ಲೇ ಸಿಗುತ್ತದೆ.

ಈ ಮನಸ್ಥಿತಿಯನ್ನು ಗುರುತಿಸಿ 1978ರಲ್ಲಿ ಮೊದಲು ಬರೆದವರು ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್. ಅವರು ನೋಡಿದ್ದು ಓದಿನಲ್ಲಿ, ಉದ್ಯೋಗದಲ್ಲಿ ಮೇಲೆ ಬಂದ ಹೆಂಗಸರನ್ನು. ಗಂಡಸರಲ್ಲೂ ಇದು ಇದೆ ಅನ್ನುವುದು ಆಮೇಲೆ ಗೊತ್ತಾಯಿತು. ಇದು ವೈದ್ಯರ ಕಾಯಿಲೆ ಪಟ್ಟಿಯಲ್ಲಿಲ್ಲ. ಕ್ಲಾನ್ಸ್ ಮಾಡಿದ 20 ಪ್ರಶ್ನೆಗಳ ಒಂದು ಅಳತೆ ಇದೆ. ಒಟ್ಟು 100 ಅಂಕದಲ್ಲಿ 60 ದಾಟಿದರೆ ಆಗಾಗ ಕಾಡುತ್ತದೆ ಎಂದೂ, 80 ದಾಟಿದರೆ ತೀವ್ರ ಎಂದೂ ಲೆಕ್ಕ. ನಾನು ಅಂಕಕ್ಕಿಂತ ತೋಟದಲ್ಲಿ ಕಾಣುವ ಗುರುತುಗಳನ್ನೇ ನಂಬುತ್ತೇನೆ. ಮೇಸ್ತ್ರಿ ನೋಡಿ ಮುಗಿಸಿದ ಸಾಲನ್ನು ಮ್ಯಾನೇಜರ್ ಮತ್ತೆ ನೋಡುತ್ತಾನೆ. ತಾನೇ ಮಾಡಬಹುದಾದ ತೀರ್ಮಾನಕ್ಕೆ ಮಾಲೀಕರ ಫೋನ್ ಬರಲಿ ಅಂತ ಕಾಯುತ್ತಾನೆ. ಅರ್ಥವಾಗದ ಮಾತಿಗೂ ತಲೆಯಾಡಿಸುತ್ತಾನೆ. ಕೆಲವರು ಉಲ್ಟಾ, ಬೆಳಗ್ಗೆ ಹಾಜರಿ ಹೊತ್ತಿಗೇ ಕೂಗಾಡುತ್ತಾರೆ. ಅಳುಕನ್ನು ಮುಚ್ಚಿಕೊಳ್ಳಲು ಅದೂ ಒಂದು ದಾರಿ.

ಮೊದಲು ಮಾಡಬೇಕಾದ್ದು ಒಂದು ಪರೀಕ್ಷೆ. ‘ನನಗೆ ಏನು ಬರುವುದಿಲ್ಲ?’ ಅನ್ನುವುದನ್ನು ಹೆಸರಿಟ್ಟು ಬರೆಯಬೇಕು. ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಅಡ್ಜಸ್ಟ್ ಮಾಡುವುದು, ಪಿಎಫ್ ರಿಜಿಸ್ಟರ್ ತುಂಬುವುದು, ಕಾಂಡಕೊರಕ ಹುಳು ಹಿಡಿದ ಗಿಡ ಗುರುತಿಸುವುದು, ಹೀಗೆ ಹೆಸರು ಸಿಕ್ಕಿದರೆ ಅದು ಬರೀ ಕಲಿಯದ ಕೆಲಸ. ಬಲ್ಲವರ ಜೊತೆ ಒಂದು ವಾರ ನಿಂತರೆ ಬರುತ್ತದೆ. ಹೆಸರೇ ಸಿಗದೆ ‘ಒಟ್ಟಾರೆ ನಾನು ಸರಿಯಿಲ್ಲ’ ಅಂತ ಮಾತ್ರ ಉಳಿದರೆ ಅದು ಇಂಪಾಸ್ಟರ್ ಭಾವನೆ. ಇವೆರಡನ್ನು ಬೆರೆಸಿದರೆ ಎರಡು ಕಡೆಯೂ ನಷ್ಟ. ಕಲಿಯಬೇಕಾದವನಿಗೆ ‘ನಿಮಗೆಲ್ಲ ಗೊತ್ತು ಸಾರ್, ಧೈರ್ಯವಾಗಿರಿ’ ಅಂದರೆ ಪಲ್ಪರಿನಲ್ಲಿ ಬೀಜ ಒಡೆಯುವುದು ನಿಲ್ಲುವುದಿಲ್ಲ. ಕೆಲಸ ಬಲ್ಲವನನ್ನು ಮತ್ತೊಂದು ತರಬೇತಿಗೆ ಕಳಿಸಿದರೆ ಅವನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡನೆಯ ಬಗೆಗೆ ನನ್ನ ಮುಖ್ಯ ಸಾಧನ ತೀರ್ಮಾನದ ನೋಟ್‌ಬುಕ್. ಇದರ ಕೆಲಸ ಒಂದೇ: ತೀರ್ಮಾನವನ್ನು ಅದರ ಫಲದಿಂದ ಬೇರೆ ಮಾಡುವುದು. ಎಡಪುಟದಲ್ಲಿ ನಾಲ್ಕು ಅಂಶ: ಏನು ತೀರ್ಮಾನಿಸಿದೆ, ಆಗ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಯಾವ ದಿನ ತಿರುಗಿ ನೋಡುತ್ತೇನೆ. ಬಲಪುಟ ಖಾಲಿ, ಅದು ಫಲಕ್ಕೆ. ಫಲ ಗೊತ್ತಾಗುವ ಮೊದಲೇ ಎಡಪುಟ ತುಂಬಿರಬೇಕು. ಆಮೇಲೆ ಬರೆದರೆ ನೆನಪು ಮೋಸ ಮಾಡುತ್ತದೆ. ಮಳೆ ಬಂದ ಮೇಲೆ ಎಲ್ಲರಿಗೂ ‘ಬರುತ್ತೆ ಅಂತ ಮೊದಲೇ ಅನಿಸಿತ್ತು’.

ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು ಕೊಡುವ ತೀರ್ಮಾನವನ್ನೇ ನೋಡಿ. ಎಡಪುಟದಲ್ಲಿ ಹೀಗಿರಬೇಕು: ‘ಫೆಬ್ರವರಿ 20. ನಾಳೆಯಿಂದ ಕೆಳಗಿನ ಬ್ಲಾಕಿಗೆ ಸ್ಪ್ರಿಂಕ್ಲರ್. ಗೊತ್ತಿರುವುದು: ಮೊಗ್ಗು ಬಲಿತಿದೆ. ಕೆರೆಯಲ್ಲಿ ಹೂವಿಗೆ ಒಂದೂವರೆ ಇಂಚು, ಆಮೇಲೆ ಬ್ಯಾಕಿಂಗಿಗೆ (ಹೂ ಅರಳಿದ ಮೇಲಿನ ಎರಡನೇ ನೀರು) ಒಂದಿಂಚು ಕೊಡುವಷ್ಟು ನೀರಿದೆ. ಐದು ದಿನದ ಮುನ್ಸೂಚನೆಯಲ್ಲಿ ಮಳೆಯಿಲ್ಲ. ಗೊತ್ತಿಲ್ಲದ್ದು: ಹೂ ಅರಳುವ ದಿನದ ಹವೆ. ತಿರುಗಿ ನೋಡುವುದು: ಕಾಯಿ ಕಟ್ಟಿದ ಮೇಲೆ, ಏಪ್ರಿಲ್‌ನಲ್ಲಿ.’ ನೀರು ಬಿದ್ದ ಎಂಟತ್ತು ದಿನಕ್ಕೆ ಹೂ ಅರಳುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಅರಳಿದ ದಿನವೇ ಮಳೆ ಹೊಡೆದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಹಾಗಾದರೆ ಬಲಪುಟದಲ್ಲಿ ಬರೆಯುವುದು ‘ಫಲ ಕೆಟ್ಟಿತು, ತೀರ್ಮಾನ ಸರಿಯಿತ್ತು’. ಇನ್ನೊಂದು ಕಡೆ, ಕೆರೆಯ ನೀರನ್ನೂ ನೋಡದೆ, ಮೊಗ್ಗನ್ನೂ ನೋಡದೆ ಕೂತವನ ತೋಟಕ್ಕೆ ಒಂದೂವರೆ ಇಂಚು ಮಳೆ ಸುರಿದರೆ? ‘ಫಲ ಚೆನ್ನಾಗಿತ್ತು, ತೀರ್ಮಾನವೇ ಇರಲಿಲ್ಲ’. ಈ ಎರಡನೆಯದನ್ನು ಬರೆಯುವುದು ಕಷ್ಟ. ಆದರೆ ಅದನ್ನು ಬರೆಯದ ಪುಸ್ತಕ ಬರೀ ಸಮಾಧಾನದ ಪುಸ್ತಕವಾಗುತ್ತದೆ, ಮನಸ್ಸು ಅದನ್ನು ನಂಬುವುದಿಲ್ಲ.

ಎಲ್ಲವನ್ನೂ ಬರೆಯಲು ಹೋದರೆ ಪುಸ್ತಕ ಹತ್ತು ದಿನಕ್ಕೆ ಮೂಲೆ ಸೇರುತ್ತದೆ. ವಾರಕ್ಕೆ ಎರಡು ಮೂರು ಸಾಕು: ದುಡ್ಡು ದೊಡ್ಡದಾದದ್ದು, ಅಥವಾ ಹಿಂದಕ್ಕೆ ತೆಗೆದುಕೊಳ್ಳಲಾಗದ್ದು. ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಅಂಥದ್ದು, ಕಡಿದ ಕೊಂಬೆ ಮತ್ತೆ ಕೂರುವುದಿಲ್ಲ. ತಿಂಗಳ ಕೊನೆಗೆ ಅರ್ಧ ಗಂಟೆ ಕೂತು, ಬಲಪುಟ ಮುಚ್ಚಿಕೊಂಡು ಎಡಪುಟ ಮಾತ್ರ ಓದಿ, ‘ಇಷ್ಟೇ ಗೊತ್ತಿದ್ದಾಗ ಇವತ್ತೂ ಹೀಗೇ ಮಾಡುತ್ತಿದ್ದೆನಾ?’ ಅಂತ ಕೇಳಿಕೊಳ್ಳಬೇಕು.

ಮರುಪರಿಶೀಲನೆಯ ಚಟ ಬಿಡಿಸುವುದು ಇನ್ನೂ ಕಷ್ಟ, ಯಾಕೆಂದರೆ ಅದು ಜವಾಬ್ದಾರಿಯ ವೇಷ ಹಾಕಿಕೊಂಡಿರುತ್ತದೆ. ಕೊಯ್ಲಿನ ಸಂಜೆ ಮೇಸ್ತ್ರಿ ತೂಗಿದ ಪ್ರತಿ ಚೀಲವನ್ನೂ ಮ್ಯಾನೇಜರ್ ಮತ್ತೆ ತೂಗಿಸಿದರೆ ಕತ್ತಲಾದರೂ ಆಳುಗಳು ಮನೆಗೆ ಹೋಗುವುದಿಲ್ಲ, ಹಣ್ಣು ಪಲ್ಪಿಂಗಿಗೆ ತಡವಾಗುತ್ತದೆ, ಮರುದಿನದಿಂದ ಮೇಸ್ತ್ರಿ ಮಾತಿಗೆ ಕಿಮ್ಮತ್ತಿಲ್ಲ. ‘ಹಾಗಾದ್ರೆ ನಾನ್ಯಾಕೆ ಸಾರ್ ಇಲ್ಲಿ?’ ಅಂತ ಹಳೆಯ ಮೇಸ್ತ್ರಿ ಕೇಳಿದರೆ ಉತ್ತರವಿರುವುದಿಲ್ಲ. ನನ್ನ ಲೆಕ್ಕ: ಹತ್ತು ಚೀಲಕ್ಕೆ ಒಂದು, ಎಲ್ಲರೆದುರು ಆರಿಸಿ ತೂಗುವುದು. ಅರ್ಧ ಕಿಲೋ ಒಳಗಿನ ವ್ಯತ್ಯಾಸವಾದರೆ ಮಾತಿಲ್ಲ. ಹೆಚ್ಚಿದ್ದರೆ ಆ ಸಾಲಿನ ಚೀಲ ಮಾತ್ರ ಎಲ್ಲ ತೂಗುವುದು. ಹಸಿರು ಕಾಯಿ ಬೆರಕೆ ನೋಡಲೂ ಹೀಗೇ. ಚೀಲದ ಮಧ್ಯದಿಂದ ನೂರು ಹಣ್ಣು ತೆಗೆದು ಎಣಿಸಿ, ಐದು ಕಾಯಿಗಿಂತ ಹೆಚ್ಚಿದ್ದರೆ ಮೇಸ್ತ್ರಿಗೆ ಹೇಳುವುದು, ಆಳಿಗಲ್ಲ. ನಿಯಮ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಹತ್ತಕ್ಕೊಂದು ಹೋಗಿ ಐದಕ್ಕೊಂದು, ಆಮೇಲೆ ಮತ್ತೆ ಎಲ್ಲವೂ.

‘ಗೊತ್ತಿಲ್ಲ’ ಅನ್ನಲು ಮೂರು ತುಂಡಿನ ಮಾತು ಬೇಕು. ‘ಈ ಎಲೆ ತುಕ್ಕೋ ಕೊಳೆಯೋ ನನಗೆ ಖಚಿತವಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ನಾಳೆ ಎಲೆ ಕಳಿಸ್ತೀನಿ. ಗುರುವಾರದ ಹಾಜರಿ ಹೊತ್ತಿಗೆ ಹೇಳ್ತೀನಿ, ಅಲ್ಲೀತನಕ ಈ ಬ್ಲಾಕಿಗೆ ಸ್ಪ್ರೇ ಬೇಡ.’ ಏನು ಗೊತ್ತಿಲ್ಲ, ಯಾರನ್ನು ಕೇಳುತ್ತೇನೆ, ಯಾವಾಗ ಹೇಳುತ್ತೇನೆ. ದಿನ ಹೇಳದಿದ್ದರೆ ಅದು ಜಾರಿಕೊಂಡ ಹಾಗೆ ಕೇಳಿಸುತ್ತದೆ. ಗುರುವಾರ ಉತ್ತರ ಬಂದಿಲ್ಲದಿದ್ದರೂ ‘ಇನ್ನೂ ಬಂದಿಲ್ಲ’ ಅಂತ ಗುರುವಾರವೇ ಹೇಳಬೇಕು.

ಎಲ್ಲ ಅನುಮಾನವೂ ಒಳಗಿಂದ ಬಂದದ್ದಲ್ಲ. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಆದರೂ ಅಧ್ಯಕ್ಷೆಯನ್ನು ಬಿಟ್ಟು ಅವರ ಯಜಮಾನರ ಹತ್ತಿರ ಮಾತಾಡುವವರು ಇದ್ದಾರೆ. ಹಾಸನದ ಕಡೆಯ ಮಹಿಳಾ ಹಾಲು ಸಂಘಗಳಲ್ಲೂ ‘ನಿಮಗೆ ತಿಳಿಯಲ್ಲ ಬಿಡಕ್ಕಾ, ಸೈನ್ ಹಾಕಿ’ ಅನ್ನುವುದು ಕೇಳುತ್ತದೆ. ಅಂಥ ಕಡೆ ಮನಸ್ಸನ್ನು ರಿಪೇರಿ ಮಾಡಲು ಹೊರಡುವುದು ತಪ್ಪು. ಸಭೆಗೆ ಎರಡು ದಿನ ಮೊದಲೇ ನಡಾವಳಿ ಪುಸ್ತಕ, ಕ್ಯಾಶ್‌ಬುಕ್ ತರಿಸಿಕೊಂಡು, ಅರ್ಥವಾಗದ ಸಾಲಿಗೆ ಪೆನ್ಸಿಲ್ ಗುರುತು ಹಾಕಿ, ಸಭೆಯಲ್ಲೇ ಕೇಳಿ. ಉತ್ತರ ಬರುವ ತನಕ ಸಹಿ ಬೇಡ.

ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ ನೋಟ್‌ಬುಕ್ಕಿಗೆ ಅದು ನಿಲುಕುವುದಿಲ್ಲ. ಡಾಕ್ಟರನ್ನು ನೋಡಬೇಕು, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬೇಕು, ಕನ್ನಡದಲ್ಲೇ ಮಾತಾಡುತ್ತಾರೆ.

ಹೊಗಳಿಕೆಯ ವಿಷಯ ಚಿಕ್ಕದು, ಆದರೆ ತೋಟಕ್ಕೆಲ್ಲ ತಟ್ಟುತ್ತದೆ. ‘ಈ ಸಲ ಫಸಲು ಚೆನ್ನಾಗಿದೆ’ ಅಂತ ಮಾಲೀಕರು ಅಂದಾಗ ‘ಮಳೆ ಬಂತು ಸಾರ್’ ಅಂದರೆ ಮೇಸ್ತ್ರಿ, ಆಳುಗಳ ದುಡಿಮೆಯನ್ನೂ ಮ್ಯಾನೇಜರ್ ಮಳೆಗೇ ಬರೆದುಕೊಟ್ಟ ಹಾಗಾಯಿತು. ಮಳೆಯದೊಂದು, ಕೆಲಸದ್ದೊಂದು ಹೇಳಿ: ‘ಮಳೆ ಸರಿಯಾಗಿ ಬಂತು, ಚಿಗುರು ತೆಗೆಯುವುದನ್ನೂ ಮೇಸ್ತ್ರಿ ಹೊತ್ತಿಗೆ ಸರಿಯಾಗಿ ಮುಗಿಸಿದ್ರು.’

ಕೊಯ್ಲಿನ ತಿಂಗಳುಗಳಲ್ಲಿ ಈ ಕ್ರಮ ಪೂರ್ತಿ ನಡೆಯುವುದಿಲ್ಲ. ರಾತ್ರಿ ಪಲ್ಪರ್ ನಿಲ್ಲುವ ಹೊತ್ತಿಗೆ ಪೆನ್ನು ಹಿಡಿಯುವ ತ್ರಾಣವೂ ಇರುವುದಿಲ್ಲ. ಆಗ ಹಾಜರಿ ಪುಸ್ತಕದ ಅಂಚಿನಲ್ಲೇ ಒಂದು ಸಾಲು ಗೀಚಿಟ್ಟರೆ ಸಾಕು, ತಾರೀಕು ಮತ್ತು ‘ಯಾಕೆ’ ಮಾತ್ರ. ಕಣ ಖಾಲಿಯಾದ ಮೇಲೆ ಅವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬಹುದು.